ಶಾಲೆಗೊಂದು ಕೂಗು

ನಮ್ಮ ಕೇರಿಯಲ್ಲಿ ಶಾಲೆ ಶುರುವಾದ ದಿನ ಮಕ್ಕಳೆಲ್ಲ ದೊಣ್ಣೆ ಹಿಡಿದುಕೊಂಡು ಗದ್ದೆಗೆ ಓಡಿದರು.

ತಪ್ಪು ಮಕ್ಕಳದಲ್ಲ. ಸಾಗರದ ಕಾನ್ವೆಂಟಿನಿಂದ ಬಂದ ಇಬ್ಬರು ಸಿಸ್ಟರುಗಳು ಹಿಂದಿನ ಸಂಜೆ ಹಲಸಿನ ಮರದ ಕೊಂಬೆಗೆ ಹಿತ್ತಾಳೆ ಗಂಟೆಯೊಂದನ್ನು ಕಟ್ಟಿಸಿದ್ದರು. ಬೆಳಿಗ್ಗೆ ದೊಡ್ಡ ಸಿಸ್ಟರು ಅದರ ಹಗ್ಗ ಹಿಡಿದು ಜಗ್ಗಿದ್ದೇ ತಡ, ಎಲ್ಲ ಗುಡಿಸಲಿನಿಂದಲೂ ಮಕ್ಕಳು ಹೊರಬಿದ್ದರು. ಸಿಸ್ಟರಿನ ಮುಖ ಅರಳಿತು. ಮಕ್ಕಳು ಶಾಲೆಯ ಮುಂದೆಯೇ ಹಾದು, ಅವರ ಕಡೆ ತಿರುಗಿಯೂ ನೋಡದೆ, ಕೆಳಗಿನ ಗದ್ದೆಗೆ ಇಳಿಯುವವರೆಗೂ ಅರಳಿಯೇ ಇತ್ತು. ನಮ್ಮಲ್ಲಿ ಗಂಟೆ ಅಂದರೆ ಒಂದೇ ಅರ್ಥ: ಕೊರಳಿಗೆ ಗಂಟೆ ಕಟ್ಟಿದ ಕೆಳಗಿನ ಊರಿನವರ ದನ ನಮ್ಮ ಗದ್ದೆಗೆ ಬಾಯಿ ಹಾಕಿದೆ. ಗಂಟೆ ಎಷ್ಟು ಜೋರೋ ದನ ಅಷ್ಟು ದೊಡ್ಡದು.

"ಎಂತ ಮಾರಾಯ ಇದು? ಮಕ್ಕಳು ಎಲ್ಲಿಗೆ ಓಡಿದ್ದು?" ಅಂತ ದೊಡ್ಡ ಸಿಸ್ಟರು ನನ್ನನ್ನು ಕೇಳಿದರು.

"ದನ ಹೊಡಿಯಕ್ಕೆ ಸಿಸ್ಟರ್."

"ದನ ಎಲ್ಲಿ ಉಂಟು?"

"ಹಗ್ಗ ನಿಮ್ಮ ಕೈಲೇ ಇದೆಯಲ್ಲ."

ನಾನು ಹಾಗೆಯೇ. ಬಾಯಿ ಮೊದಲ ಬಸ್ಸಿಗೆ ಹೊರಡುತ್ತದೆ, ಬುದ್ಧಿ ಹಿಂದಿನ ಬಸ್ಸಿಗೆ ಬರುತ್ತದೆ. ಕಂಡವರನ್ನೆಲ್ಲ ಅಣಕಿಸುವುದು ನಾನು ಯಾರಿಂದಲೂ ಕಲಿಯದೆ ಬಂದ ಕಸುಬು. ಕಾಡುಕೋಳಿ, ಮಂಗಟ್ಟೆ ಹಕ್ಕಿ, ಫಾರೆಸ್ಟ್ ಗಾರ್ಡು, ಹೊಸನಗರ-ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದಿದೆ. ಓದಿದೆ ಅನ್ನುವುದೂ ಅಣಕವೇ. ನೋಡಿದವರಿಗೆ ಓದುವ ಹುಡುಗನ ಹಾಗೇ ಕಾಣುತ್ತಿದ್ದೆ. ಇಂಗ್ಲಿಷ್ ಪೇಪರು ಮಾತ್ರ ಅದಕ್ಕೆ ಮರುಳಾಗಲಿಲ್ಲ. ಆದರೆ ಕೇರಿಯಲ್ಲಿ ಅಷ್ಟು ದೂರ ಹೋಗಿ ಫೇಲಾದವನು ನಾನೊಬ್ಬನೇ. ಹಾಗಾಗಿ ಸಿಸ್ಟರುಗಳಿಗೆ ನಮ್ಮ ಮಾತು ಬಲ್ಲ ಒಬ್ಬ ಟೀಚರು ಬೇಕಾದಾಗ ನನ್ನನ್ನು ಬಿಟ್ಟರೆ ಗತಿ ಇರಲಿಲ್ಲ.

ನಮ್ಮ ಕೇರಿಗೆ ಬರಬೇಕಾದರೆ ನಗರ ಅನ್ನುವ ಊರಿನ ಕೋಟೆ ದಾಟಿ ಬಸ್ಸಿಳಿದು ಕಾನಿನೊಳಗೆ ನಡೆಯಬೇಕು. ಕಾನು ಅಂದರೆ ಬಿಸಿಲೂ ಕೇಳಿಕೊಂಡು ಒಳಗೆ ಬರಬೇಕಾದಂಥ ಕಾಡು. ಸರ್ಕಾರಿ ಶಾಲೆ ಹಳ್ಳದ ಆಚೆ ಕೆಳಗಿನ ಊರಲ್ಲಿದೆ. ಅಲ್ಲಿಗೆ ನಮ್ಮ ಮಕ್ಕಳು ಒಂದು ವಾರ ಹೋಗುತ್ತಿದ್ದರು, ಆಮೇಲೆ ಹೋಗುತ್ತಿರಲಿಲ್ಲ. ನಾನು ಮುಂದೆ ಓದಿದ್ದು ಅಪ್ಪ ನನ್ನ ಬಾಯಿ ತಾಳಲಾರದೆ ಹಾಸ್ಟೆಲಿಗೆ ಹಾಕಿದ್ದರಿಂದ.

ದೊಡ್ಡ ಸಿಸ್ಟರು ಮಂಗಳೂರಿನ ಕಡೆಯವರು. ಎತ್ತರದ ಆಳು, ನಡೆದರೆ ಕಾಲುದಾರಿ ತಾನೇ ಅಗಲವಾಗಬೇಕು. ಸಣ್ಣ ಸಿಸ್ಟರು ಗದಗಿನ ಕಡೆಯವರು. ಅವರ ಸ್ವರ ಎಷ್ಟು ಮೆತ್ತಗೆಂದರೆ ಬೈದರೂ ಕುಶಲ ವಿಚಾರಿಸಿದ ಹಾಗಿರುತ್ತಿತ್ತು. ಎರಡನ್ನೂ ನಾನು ಮೂರನೆಯ ದಿನಕ್ಕೇ ಕಲಿತು, ಸೌದೆ ಕೊಟ್ಟಿಗೆಯ ಹಿಂದೆ ನಿಂತು "ಎಂತ ಮಾರಾಯ" ಅಂತ ಒಮ್ಮೆ, "ಯಾಕ್ರೀ ಅಕ್ಕಾರ" ಅಂತ ಒಮ್ಮೆ ಹೇಳಿ, ಅವರಿಬ್ಬರೂ ಜಗಳ ಆಡುತ್ತಿದ್ದಾರೆಂದು ಕೇರಿಯನ್ನು ನಂಬಿಸಿದ್ದೆ.

ಸಿಸ್ಟರುಗಳನ್ನು ಮೊದಲು ವಿಚಾರಣೆ ಮಾಡಿದ್ದು ನನ್ನ ಅಜ್ಜಿ. ಕೇರಿಯ ಮಾತು ಕಡೆಗೆ ಬಂದು ನಿಲ್ಲುವುದು ಅವಳ ಅಂಗಳದಲ್ಲೇ. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ನೇರವಾಗಿ ಕೇಳಿದಳು:

"ಅಕ್ಕೋರೆ, ನಿಮ್ ದೇವ್ರು ಎಂತ ತಿಂತಾನೆ? ಕೋಳಿನಾ, ಕುರಿನಾ?"

"ಏನೂ ಕೊಡಬೇಕಾಗಿಲ್ಲ ಅಜ್ಜಿ."

ಅಜ್ಜಿ ಸ್ವಲ್ಪ ಹೊತ್ತು ಅಗಿದಳು. "ಖರ್ಚಿಲ್ಲದ ದೇವ್ರು. ಇರ್ಲಿ ಬಿಡು. ನಮ್ ಚೌಡಿಗೆ ವರ್ಷಕ್ಕೊಂದು ಕೋಳಿ ಕೊಡ್ದೆ ಬಿಡಕ್ಕಾಗಲ್ಲ, ನಿಮ್ಮವನಿಗೆ ಬೇಡ ಅಂದ್ರೆ ಜಗಳ ಇಲ್ಲ. ಮಕ್ಕಳಿಗೆ ಅಕ್ಷರ ಕಲ್ಸಿ."

ಹೊಸನಗರದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಒಬ್ಬರು ನನ್ನನ್ನು ಕೇಳಿದ್ದರು, "ನಿಮ್ಮ ಮಕ್ಕಳ ಹೆಸರೆಲ್ಲ ಬದಲು ಮಾಡ್ತಾರಂತೆ ಹೌದೇನಾ?" ನಾನಂದೆ, "ನಮ್ಮಲ್ಲಿ ಹೆಸರು ಹಿಡಿದು ಕರೆಯೋದೇ ಅಪರೂಪ ಕಣಣ್ಣ, ಬದಲು ಮಾಡಿ ಅವರಿಗೆ ಎಂತ ಸಿಗ್ತದೆ?"

ಅದು ತಮಾಷೆಯಲ್ಲ. ಕಾನಿನಲ್ಲಿ ನಾವು ಹೆಸರು ಕೂಗುವುದಿಲ್ಲ. ನಿನ್ನ ಮುಖ ನೋಡದೆ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬೇಡ ಅಂತ ಮಗು ನಡೆಯುವ ಮೊದಲೇ ಕಲಿಸುತ್ತಾರೆ. ಕರೆದದ್ದು ಮನುಷ್ಯನೋ ಮತ್ತೊಂದೋ, ಯಾರಿಗೆ ಗೊತ್ತು? ಹೆಸರಿನ ಬದಲು ಒಂದೊಂದು ಮನೆಗೆ ಒಂದೊಂದು ಕೂಗಿದೆ. ನಮ್ಮ ಮನೆಯದು ಒಂದು ಉದ್ದ, ಎರಡು ಗಿಡ್ಡ. ಪಕ್ಕದ ಮನೆಯದು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮಂಜಿನಲ್ಲಿ ಪಕ್ಕದ ಮರ ಕಾಣದಿದ್ದರೂ ತನ್ನ ಮನೆಯ ಕೂಗು ಕೇಳಿದರೆ ಮಗು ಅದೇ ಕೂಗಿನಲ್ಲಿ ಉತ್ತರ ಕೊಟ್ಟು ಆ ದಿಕ್ಕಿಗೆ ನಡೆಯುತ್ತದೆ. ಮೊಬೈಲು ನಮ್ಮಲ್ಲೂ ಇದೆ. ಆದರೆ ಸಿಗ್ನಲ್ಲು ಇರುವುದು ಶಾಲೆಯ ಮೇಲಿನ ದೊಡ್ಡ ಅರೆಯ, ಅಂದರೆ ಹಾಸುಬಂಡೆಯ, ಮೇಲೆ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ.

ಇದು ತಿಳಿಯದ ದೊಡ್ಡ ಸಿಸ್ಟರು ಮೊದಲ ಹಾಜರಿಗೆ ತಲೆ ತಗ್ಗಿಸಿ, ರಿಜಿಸ್ಟರಿನಲ್ಲಿ ಕಣ್ಣಿಟ್ಟು, ಒಂದೊಂದೇ ಹೆಸರು ಕರೆದರು. ಎದುರಿಗೆ ಚಾಪೆಯ ತುಂಬ ಮಕ್ಕಳು. ಒಬ್ಬರೂ ಉಸಿರೆತ್ತಲಿಲ್ಲ. ಸಿಸ್ಟರು ಎಲ್ಲರನ್ನೂ ಗೈರು ಹಾಕಿದರು. ಗೈರಾದವರೆಲ್ಲ ಬಾಯಿಬಿಟ್ಟುಕೊಂಡು ಅವರನ್ನೇ ನೋಡುತ್ತ ಕೂತಿದ್ದರು.

"ಇವರು ನನ್ನ ಮೇಲೆ ಸಿಟ್ಟಾಗಿದ್ದಾರಾ?"

"ಇಲ್ಲ ಸಿಸ್ಟರ್. ನೀವು ಮನುಷ್ಯರು ಹೌದೋ ಅಲ್ಲವೋ ಅಂತ ನೋಡ್ತಿದ್ದಾರೆ."

ವಿಷಯ ಬಿಡಿಸಿ ಹೇಳಿದ ಮೇಲೆ ಅವರು ರಿಜಿಸ್ಟರು ಮುಚ್ಚಿಟ್ಟರು. ಮಾರನೆಯ ದಿನ ಒಬ್ಬೊಬ್ಬರ ಮುಂದೆ ಕೂತು, ಮುಖ ನೋಡಿ ಹಾಜರಿ ಹಿಡಿದರು. ಮಕ್ಕಳು "ಎಸ್ ಸಿಸ್ಟರ್" ಅನ್ನುವ ಬದಲು ತಮ್ಮ ತಮ್ಮ ಮನೆಯ ಕೂಗು ಹಾಕಿದರು. ತಗಡಿನ ಮಾಡು ಅದುರಿತು. ಸಣ್ಣ ಸಿಸ್ಟರು ಕಿವಿ ಮುಚ್ಚಿಕೊಂಡು, "ಇದೇನ್ ಸಾಲಿನೋ, ಸಂತಿನೋ ಯಪ್ಪಾ!" ಅಂದರು. ಆದರೆ ಆ ದಿನದಿಂದ ಯಾರೂ ಗೈರಾಗಲಿಲ್ಲ.

ಸೀಗೆಕಾಯಿ ಕಾಲ ಬರುವವರೆಗೆ.

ಚಳಿ ಇಳಿಯುವ ಹೊತ್ತಿಗೆ ಕಾನಿನಲ್ಲಿ ಸೀಗೆ ಒಣಗಿ ಬೀಳುತ್ತದೆ. ಬಳ್ಳಿಯ ತುಂಬ ಮುಳ್ಳು. ಅದರ ಅಡಿಗೆ ನುಸುಳಿ ಆರಿಸಲು ಸಣ್ಣ ಮೈಯೇ ಬೇಕು. ಬೆಳಕು ಹರಿಯುವ ಮೊದಲೇ ಅಪ್ಪ, ಅಮ್ಮ, ಮಕ್ಕಳು ಎಲ್ಲ ಕಾನು ಹತ್ತಿದರೆ ಇಳಿಯುವುದು ಸಂಜೆ. ಒಂದು ಸೋಮವಾರ ಶಾಲೆಯಲ್ಲಿ ಇಬ್ಬರು ಸಿಸ್ಟರು, ನಾನು, ಮತ್ತು ಚಾಪೆ. ಚಾಪೆಯೊಂದೇ ಪಾಠಕ್ಕೆ ತಯಾರಿತ್ತು.

ಅದೇ ವಾರ ಸಾಗರದಿಂದ ಮದರ್ ಹೇಳಿ ಕಳುಹಿಸಿದರು. ಮದರ್ ಅಂದರೆ ಇವರಿಬ್ಬರಿಗೂ ಮೇಲಿನವರು. ಮಾತು ಸರಳವಾಗಿತ್ತು: ಬಂದು ನೋಡುತ್ತೇನೆ, ಮಕ್ಕಳು ಕೂತಿದ್ದರೆ ಶಾಲೆ ನಡೆಯಲಿ, ಇಲ್ಲದಿದ್ದರೆ ಇಬ್ಬರೂ ವಾಪಸ್ಸು ಬನ್ನಿ, ಇಲ್ಲಿ ಟೀಚರುಗಳು ಸಾಲದು.

ಸಣ್ಣ ಸಿಸ್ಟರು ಕಣ್ಣೊರೆಸಿಕೊಂಡರು. ದೊಡ್ಡ ಸಿಸ್ಟರು ಪೊರಕೆ ತೆಗೆದುಕೊಂಡು ಗುಡಿಸಿದ ನೆಲವನ್ನೇ ಮತ್ತೊಮ್ಮೆ ಗುಡಿಸಿದರು.

"ನಾನು ಹೋಗುವುದಿಲ್ಲ," ಅಂದರು, ನೆಲಕ್ಕೆ ಹೇಳಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ನಡಿ, ನಿನ್ನ ಅಜ್ಜಿಯ ಹತ್ತಿರ."

ಆ ಸಂಜೆ ಅಜ್ಜಿಯ ಅಂಗಳದಲ್ಲಿ ತಾಯಂದಿರೆಲ್ಲ ಸೀಗೆ ಹರವುತ್ತಿದ್ದರು. ಸಿಸ್ಟರು ನಿಂತೇ ಕೇಳಿದರು. ಬೆಳಿಗ್ಗೆ ಮಕ್ಕಳು ಆರಿಸಲಿ, ಬಿಸಿಲು ಏರುವ ಮೊದಲು ಶಾಲೆಗೆ ಇಳಿಯಲಿ. ಅಷ್ಟೇ.

"ಕಳ್ಸಕ್ಕೆ ಅಡ್ಡಿಲ್ಲ ಅಕ್ಕೋರೆ," ಅಂದಳು ಒಬ್ಬಳು. "ಆ ಹೊತ್ತಿಗೆ ಮಂಜು ಇರ್ತದೆ. ನಾವು ಕೆಲ್ಸ ಬಿಟ್ಟು ಜತೆಗೆ ಇಳಿಯಕ್ಕಾಗಲ್ಲ. ಮಕ್ಳು ಒಂಟಿ ಬರಾದು ಹೆಂಗೆ?"

ಅಜ್ಜಿ ಕೇಳಿದಳು, "ನಿಮ್ ಶಾಲೆಗೆ ಕೂಗು ಇದ್ಯಾ?"

"ಗಂಟೆ ಉಂಟಲ್ಲ ಅಜ್ಜಿ."

ಅಂಗಳ ಪೂರ್ತಿ ನಕ್ಕಿತು. ನಾನು ಎಮ್ಮೆಯ ಹಾಗೆ ಕೂಗಿ ಇನ್ನಷ್ಟು ನಗಿಸಿದೆ. ಅಜ್ಜಿ ನನಗೆ ಒಂದು ಸೀಗೆಕಾಯಿ ಎಸೆದು ಸಿಸ್ಟರಿಗೆ ಹೇಳಿದಳು:

"ಕೂಗಿಲ್ಲದ ಮನೆಗೆ ಮಕ್ಕಳನ್ನ ಕಳ್ಸಲ್ಲ. ಬೇಕಂದ್ರೆ ಒಂದು ಕೂಗು ಕೊಡ್ತೀವಿ. ಆದ್ರೆ ನೋಡು, ಕೂಗು ಹಾಕಿದ ಮೇಲೆ ಕಡೇ ಮಗು ಅಂಗಳ ಮುಟ್ಟೋವರೆಗೂ ನಿಲ್ಸಂಗಿಲ್ಲ. ನೆಂಟ್ರು ಬಂದ್ರೂ ಇಲ್ಲ, ಅನ್ನ ಸೀದ್ರೂ ಇಲ್ಲ. ಮಗು ಆ ಸ್ವರ ಹಿಡ್ಕಂಡು ನಡೀತಾ ಇರ್ತದೆ. ನಡುವೆ ಗಂಟ್ಲು ಬದ್ಲಾಯ್ಸಿದ್ರೆ ದಿಕ್ಕು ತಪ್ತದೆ. ಆಗ್ತದಾ ನಿನ್ ಕೈಲಿ?"

"ಆಗ್ತದೆ," ಅಂದರು ದೊಡ್ಡ ಸಿಸ್ಟರು.

"ನಿನ್ ಕೈಲಿ ಬಿಡು, ಗಂಟ್ಲಲ್ಲಿ ಆಗ್ತದಾ ನೋಡಣ."

ತಾಯಂದಿರು ಎಲ್ಲ ಮನೆಗಳ ಕೂಗನ್ನೂ ಬಾಯಲ್ಲಿ ಆಡಿಸಿ ನೋಡಿ, ಯಾವುದಕ್ಕೂ ಹೋಲದ ಒಂದನ್ನು ಶಾಲೆಗೆ ಗೊತ್ತು ಮಾಡಿದರು. ಎರಡು ಉದ್ದ, ಕಡೆಗೆ ಕಡ್ಡಿ ಮುರಿದ ಹಾಗೆ ಒಂದು ತುಂಡು. ಕಲಿಸುವ ಕೆಲಸ ನನ್ನದು. ಯಾಕೆಂದರೆ ಎಲ್ಲ ಮನೆಯ ಕೂಗೂ ನನಗೆ ಬರುತ್ತಿತ್ತು. ಅದೇ ಕಾರಣಕ್ಕೆ ನಾನು ಕೂಗಿದರೆ ಮಕ್ಕಳಿರಲಿ, ನಾಯಿಯೂ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಪಕ್ಕದ ಮನೆಯ ಕೂಗು ಹಾಕಿ, ಅವರ ಮಕ್ಕಳು ಓಡಿ ಬಂದಾಗ ಬಚ್ಚಿಟ್ಟುಕೊಂಡು ನಕ್ಕವನು ನಾನು. "ಓ, ಅವ್ನು," ಅಂತ ಆಮೇಲೆ ಯಾರೂ ಕತ್ತೂ ತಿರುಗಿಸುತ್ತಿರಲಿಲ್ಲ.

ಮರುದಿನದಿಂದ ಹಳ್ಳದ ಪಕ್ಕದ ಬಂಡೆಯ ಮೇಲೆ ಪಾಠ. ದೊಡ್ಡ ಸಿಸ್ಟರಿಗೆ ಸ್ವರ ಇತ್ತು, ಚರ್ಚಿನಲ್ಲಿ ಹಾಡಿ ಪಳಗಿದ್ದರು. ಅದೇ ತೊಂದರೆ. ಅವರ ಕೂಗು ತುಂಬ ಮರ್ಯಾದಸ್ಥವಾಗಿತ್ತು. ಹಳ್ಳ ದಾಟುವ ಮೊದಲು ಅನುಮತಿ ಕೇಳುತ್ತಿತ್ತು.

"ಹಾಡಬೇಡಿ ಸಿಸ್ಟರ್. ಹೊಟ್ಟೆಯಿಂದ ಕಿತ್ತು ಎಸೀರಿ."

ಎಸೆದರು. ಕೆಳಗಿನ ಊರಿನಿಂದ ಒಂದು ಎಮ್ಮೆಕರು ಉತ್ತರ ಕೊಟ್ಟಿತು. ಸಣ್ಣ ಸಿಸ್ಟರು ಸೆರಗು ಬಾಯಿಗೆ ಒತ್ತಿಕೊಂಡು, "ಅಕ್ಕಾ, ಒಂದೀಟ್ ತಡೀರಿ, ದನಾ ಎಲ್ಲಾ ಇಲ್ಲೇ ಬರ್ತಾವ," ಅಂದರು. ಅವರೂ ಒಮ್ಮೆ ಕೂಗಿ ನೋಡಿದರು. ಅವರ ಕೂಗು ಅವರಿಗೇ ಸರಿಯಾಗಿ ಕೇಳಲಿಲ್ಲ. ನಾನು ದೊಡ್ಡ ಸಿಸ್ಟರಿನ ಹಾಗೆ ಸೊಂಟಕ್ಕೆ ಕೈಯಿಟ್ಟು, ಅವರ ತಪ್ಪನ್ನು ಇದ್ದಂತೆಯೇ ಕೂಗಿ ತೋರಿಸಿದೆ.

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಹೌದಾ? ಹಾಗೆ ಕೇಳ್ತದಾ? ಇನ್ನೊಮ್ಮೆ ಮಾಡು." ಮಾಡಿದೆ. "ಇನ್ನೊಮ್ಮೆ." ನನ್ನ ಅಣಕವನ್ನು ಕನ್ನಡಿಯ ಹಾಗೆ ಹಿಡಿದುಕೊಂಡು ತಿದ್ದಿಕೊಳ್ಳುತ್ತಾ ಹೋದರು. ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಗಬೇಕಾದವರು ಕಲಿಯುತ್ತಾ ಕೂತರೆ ನಮ್ಮ ಗತಿ ಏನು? ಬೆಳಿಗ್ಗೆ ಕೂಗಿದರು, ಪಾತ್ರೆ ತೊಳೆಯುತ್ತಾ ಕೂಗಿದರು, ಪ್ರಾರ್ಥನೆ ಮುಗಿಸಿ ಆಮೆನ್ ಅಂದ ಬಾಯಲ್ಲೇ ಎದ್ದು ಬಂದು ಕೂಗಿದರು. ಒಂದು ಸಂಜೆ ಅಜ್ಜಿ ತನ್ನ ಅಂಗಳದಿಂದಲೇ, "ಹಾಂ, ಈಗ ಮನುಷ್ಯರ ಹಾಂಗೆ ಕೇಳ್ತು," ಅಂದಳು.

ಮೊದಲ ಸಲ ಅವರು ಅರೆಯ ಮೇಲೆ ನಿಂತು ಮಂಜಿಗೆ ಮುಖ ಮಾಡಿ ಕೂಗಿದಾಗ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೇಲಿನಿಂದ ಸಣ್ಣದೊಂದು ಉತ್ತರ ಬಂತು: ಎರಡು ಉದ್ದ, ಒಂದು ತುಂಡು. ಮತ್ತೊಂದು ಕಡೆಯಿಂದ ಇನ್ನೊಂದು. ಮಕ್ಕಳು ಮನೆಯ ಕೂಗಿನಲ್ಲಿ ಅಲ್ಲ, ಶಾಲೆಯ ಕೂಗಿನಲ್ಲೇ ಓಗೊಡುತ್ತಿದ್ದರು. ಸಿಸ್ಟರಿನ ಕಣ್ಣಲ್ಲಿ ನೀರು. ತಮಾಷೆ ಮಾಡಲು ಬಾಯಿ ತೆರೆದವನು ನಾನು ಇಳಿದು ಬರುವ ತಲೆಗಳನ್ನು ಎಣಿಸತೊಡಗಿದೆ.

ಮದರ್ ಬರುವ ದಿನ ಮಂಜು ಇನ್ನೂ ದಪ್ಪವಾಗಿತ್ತು. ಸಣ್ಣ ಸಿಸ್ಟರು ಅವರನ್ನು ಕರೆತರಲು ಬಸ್ಸಿಳಿಯುವ ಜಾಗಕ್ಕೆ ಹೋಗಿದ್ದರು. ದೊಡ್ಡ ಸಿಸ್ಟರು ಅರೆಯ ಮೇಲೆ ನಿಂತು ಕೂಗುತ್ತಿದ್ದರು. ಮಕ್ಕಳು ಮಡಿಲು ತುಂಬ ಸೀಗೆ ಹಿಡಿದುಕೊಂಡು ಒಬ್ಬೊಬ್ಬರಾಗಿ ಮಂಜಿನಿಂದ ಹೊರಬಂದು ಶಾಲೆ ಸೇರಿದರು. ನಾನು ತಲೆ ಎಣಿಸಿದೆ. ಒಂದು ಹುಡುಗಿ ಬಾಕಿ. ಮೇಲಿನ ಅಂಚಿನ ಮನೆಯವಳು, ಶಾಲೆಯಲ್ಲೇ ಎಲ್ಲರಿಗಿಂತ ಸಣ್ಣವಳು. ಮೊದಲು ಓಗೊಟ್ಟಿದ್ದಳು. ಈಗ ಏನೂ ಇಲ್ಲ.

ಸಿಸ್ಟರು ಕೂಗುತ್ತಲೇ ಇದ್ದರು. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಕೊಡೆ ಊರಿಕೊಂಡು ಮದರ್ ಬಂದರು. ವಯಸ್ಸಾದವರು, ನಡೆದು ದಣಿದಿದ್ದರು. ದೊಡ್ಡ ಸಿಸ್ಟರು ಅವರಿಗೆ ಬೆನ್ನು ಹಾಕಿ ನಿಂತಿದ್ದಾರೆ.

ಸಣ್ಣ ಸಿಸ್ಟರು ಗಾಬರಿಯಿಂದ ನನ್ನ ಬೆನ್ನು ದೂಡಿದರು. "ಹೋಗೋ ತಮ್ಮಾ, ಮದರ್ ಬಂದಾರಂತ ಹೇಳು!"

ಹೋಗಿ ಹೇಳಿದೆ. ಅವರು ತಲೆಯಾಡಿಸಿದರು, ಕೂಗು ನಿಲ್ಲಿಸಲಿಲ್ಲ. ಸ್ವರ ಆಗಲೇ ಒಡೆದಿತ್ತು. ಎರಡನೆಯ ಉದ್ದ ನಡುವೆಯೇ ಕಿತ್ತುಹೋಗುತ್ತಿತ್ತು.

"ಸಿಸ್ಟರ್, ನಾನು ಹಾಕ್ತೀನಿ. ನಿಮ್ಮ ಸ್ವರದಲ್ಲೇ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ."

ಅವರು ನನ್ನ ಅಂಗಿಯ ತೋಳು ಹಿಡಿದು ಬಲವಾಗಿ ಅಲ್ಲಾಡಿಸಿದರು: ಬೇಡ. ನನಗೂ ಹೊಳೆಯಿತು. ಆ ಹುಡುಗಿಗೆ ಗೊತ್ತಾಗುತ್ತದೆ. "ಓ, ಅವ್ನು," ಅಂದುಕೊಂಡು ಇದ್ದಲ್ಲೇ ಕೂತುಬಿಡುತ್ತಾಳೆ. ಅಷ್ಟು ಸ್ವರಗಳು ನನ್ನ ಗಂಟಲಲ್ಲಿ, ಆ ಮಗುವನ್ನು ನಡೆಸುವಂಥದ್ದು ಒಂದೂ ಇಲ್ಲ. ಓಡಿ ಹೋಗಿ ಬಿಸಿನೀರಿಗೆ ಬೆಲ್ಲ, ಮೆಣಸಿನಕಾಳು ಹಾಕಿ ತಂದೆ. ಎರಡು ಕೂಗಿನ ನಡುವೆ ಒಂದೊಂದು ಗುಟುಕು ಕುಡಿಸಿದೆ.

ಮದರ್ ನಿಧಾನಕ್ಕೆ ಅರೆ ಹತ್ತಿ ಬಂದರು. ನನ್ನನ್ನು ಕೇಳಿದರು, "ಯಾರನ್ನು ಕರೆಯುತ್ತಿದ್ದಾರೆ?"

"ಒಂದು ಹುಡುಗಿ ಬಾಕಿ ಮದರ್."

"ಉಳಿದವರು?"

"ಒಳಗೆ ಕೂತಿದ್ದಾರೆ."

ಮದರ್ ಸ್ವಲ್ಪ ಹೊತ್ತು ಆ ಒಡಕು ಕೂಗು ಕೇಳಿದರು. ಆಮೇಲೆ ಕೆಳಗಿಳಿದು, ಚಪ್ಪಲಿ ಹೊರಗೆ ಬಿಟ್ಟು, ಮಕ್ಕಳ ಚಾಪೆಯ ಮೇಲೆ ಕೂತು, ಸಣ್ಣ ಸಿಸ್ಟರಿಗೆ ಹೇಳಿದರು, "ನೀವು ಪಾಠ ಶುರು ಮಾಡಿ. ಅವರು ಮುಗಿಸಿ ಬರುತ್ತಾರೆ."

ಹುಡುಗಿ ಬಂದಳು. ಒಂದು ಹಿಮ್ಮಡಿ ಊರಿಕೊಂಡು, ಲಂಗದ ಮಡಿಲಲ್ಲಿ ಸೀಗೆ, ಮುಖದ ತುಂಬ ಸಿಟ್ಟು. ಕಾಲಿಗೆ ಮುಳ್ಳು ನೆಟ್ಟಿತ್ತಂತೆ.

"ಓಗೊಡಕ್ಕೆ ಏನಾಗಿತ್ತೇ ನಿಂಗೆ?" ಅಂತ ನಾನು ಗದರಿದೆ.

"ಮುಳ್ಳನ್ನ ಹಲ್ಲಲ್ಲಿ ಕೀಳ್ತಿದ್ದೆ. ಬಾಯಿ ಎಷ್ಟಿದಾವೆ ನಂಗೆ?" ಆಮೇಲೆ ಸಿಸ್ಟರಿನ ಕಡೆ ತಿರುಗಿ, "ಅಷ್ಟೆಲ್ಲ ಕೂಗ್ತಾರಾ ಅಕ್ಕೋರೆ? ಬರ್ತಾ ಇದ್ನಲ್ಲ!"

ಸಿಸ್ಟರು ಏನೋ ಹೇಳಲು ಬಾಯಿ ತೆರೆದರು. ಬರೀ ಗಾಳಿ ಬಂತು.

ಆ ದಿನ ಮದರ್ ಮಕ್ಕಳ ಸಾಲಿನಲ್ಲೇ ಕೂತು ಗಂಜಿ ಉಂಡರು. "ಇವತ್ತು ಆಯಿತು. ನಾಳೆ ಇವರಿಗೆ ಗಂಟಲೇ ಇಲ್ಲವಲ್ಲ? ನಾಳೆಯೂ ಇದ್ದು ನೋಡುತ್ತೇನೆ," ಅಂದರು. ನ್ಯಾಯವಾದ ಮಾತು.

ಬೆಳಿಗ್ಗೆ ದೊಡ್ಡ ಸಿಸ್ಟರು ಎದ್ದು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಅರೆಯ ಕಡೆ ಹೊರಟರು. ಸ್ವರ ಇಲ್ಲ, ಆದರೂ ಹೊರಟರು. ಅರ್ಧ ದಾರಿಯಲ್ಲಿ ನಿಂತುಬಿಟ್ಟರು. ಮಂಜಿನಿಂದ ಅಜ್ಜಿ ಕೋಲೂರಿಕೊಂಡು ಬರುತ್ತಿದ್ದಳು. ಹಿಂದೆ ತಾಯಂದಿರು, ಕೈಯಲ್ಲಿ ಮಕ್ಕಳು. ಕಾಲಿಗೆ ಮುಳ್ಳು ನೆಟ್ಟವಳು ಅಪ್ಪನ ಹೆಗಲ ಮೇಲೆ ರಾಣಿಯ ಹಾಗೆ ಕೂತಿದ್ದಳು. ಯಾರೂ ಕರೆದಿರಲಿಲ್ಲ.

"ಎಂತಕ್ಕೆ ಹಂಗೆ ನೋಡ್ತೀಯ?" ಅಂದಳು ಅಜ್ಜಿ. "ಒಂದು ಮನೆ ಗಂಟ್ಲು ಕಟ್ಟಿದ್ರೆ ಉಳಿದ ಮನೆಯೋರು ನಡ್ಕಂಡು ಬರ್ಬೇಕು. ಇಷ್ಟೂ ಗೊತ್ತಿಲ್ವಾ? ಶಾಲೆ ಕಲ್ತೋರು ನೀವು."

ದೊಡ್ಡ ಸಿಸ್ಟರು ಕೈ ಮುಗಿದರು. ನಿನ್ನೆ ಒಡೆದ ಸ್ವರವನ್ನು ಕೇರಿ ಪೂರ್ತಿ ಕೇಳಿತ್ತು. ಕಡೆಯವರೆಗೂ ನಿಲ್ಲಿಸದೆ ಇದ್ದದ್ದನ್ನೂ ಕೇಳಿತ್ತು.

ಮದರ್ ಬಾಗಿಲಲ್ಲಿ ನಿಂತು ಎಲ್ಲ ನೋಡಿ, ಒಳಗೆ ಹೋಗಿ ಬ್ಯಾಗು ಕಟ್ಟಿದರು. ಹೊರಡುವಾಗ ಸಣ್ಣ ಸಿಸ್ಟರಿಗೆ ಹೇಳಿದರು, "ಬೋರ್ಡು ಇಷ್ಟು ಮಕ್ಕಳಿಗೆ ಸಾಲದು. ದೊಡ್ಡದು ಕಳುಹಿಸುತ್ತೇನೆ." ಆಮೇಲೆ ಮರದಿಂದ ಇಳಿಸಿ ಮೂಲೆಗೆ ಹಾಕಿದ್ದ ಹಿತ್ತಾಳೆ ಗಂಟೆ ನೋಡಿ, "ಇದು ನಿಮಗೆ ಬೇಡವಲ್ಲ? ಸಾಗರದಲ್ಲಿ ಬೇಕು," ಅಂತ ಬ್ಯಾಗಿಗೆ ಹಾಕಿಕೊಂಡರು.

ಅವರು ಗದ್ದೆಯ ಬದುವಿಗೆ ಇಳಿಯುವಾಗ, ಹೆಜ್ಜೆಗೊಮ್ಮೆ ಬ್ಯಾಗಿನೊಳಗಿಂದ ಢಣ್, ಢಣ್.

ಮಕ್ಕಳು ಧಡಕ್ಕನೆ ಎದ್ದರು. ಇಬ್ಬರು ಆಗಲೇ ಒಲೆಯ ಪಕ್ಕದ ಸೌದೆ ರಾಶಿಯಿಂದ ದೊಣ್ಣೆ ಎಳೆದಿದ್ದರು. ದೊಡ್ಡ ಸಿಸ್ಟರು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದರು. ಬಾಯಿ ತೆರೆದರೆ ಗಾಳಿ. ನನ್ನ ಕಡೆ ನೋಡಿ, ನೀನು ಅನ್ನುವ ಹಾಗೆ ಗದ್ದ ಎತ್ತಿದರು.

ನಾನು ಸೊಂಟಕ್ಕೆ ಕೈಯಿಟ್ಟೆ. "ಎಂತ ಮಾರಾಯ್ರೆ ಇದು! ದನ ಎಲ್ಲಿ ಉಂಟು? ಕೂತುಕೊಳ್ಳಿ ನೋಡುವ, ಪಾಠ ಉಂಟು!"

ಮಕ್ಕಳು ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತ ಸಿಸ್ಟರನ್ನು ನೋಡಿದರು. ಅವರು ತಲೆಯಾಡಿಸಿದರು. ದೊಣ್ಣೆ ಕೆಳಗೆ ಬಿತ್ತು. ಒಬ್ಬೊಬ್ಬರಾಗಿ ಚಾಪೆಗೆ ಬಂದು ಕೂತರು.

ಗಂಟೆಯ ಶಬ್ದ ಗದ್ದೆ ದಾಟಿ ಹೋಗುವವರೆಗೆ ಕಾದು, ಸೀಮೆಸುಣ್ಣ ಕೈಗೆ ತೆಗೆದುಕೊಂಡೆ.